ಗುಳಿಗೆಯ ಬದಲು ಲಗ್ನ ಬರೆದುಕೊಟ್ಟ ಅಧಿಕಾರಿಗೆ

ಮಹಿಳಾ ಆರೋಗ್ಯ ಶಿಬಿರಗಳ ಉಸ್ತುವಾರಿ ಅಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡುವುದು ಪದ್ಧತಿ. ಹಾಗಾಗಿ, ಮಾನ್ಯರೇ. ಹಿಂದಿನ ವರ್ಷ ಸೆಪ್ಟೆಂಬರಿನಲ್ಲಿ ಭಾಲ್ಕಿಯ ಒಂದು ಸಭಾಭವನದಲ್ಲಿ ತಾವು ಹದಿನಾಲ್ಕು ಹುಡುಗಿಯರಿಗೆ ಎರಡು ನಿಮಿಷದೊಳಗೆ ಚಿಕಿತ್ಸೆ ಮಾಡಿ ಮುಗಿಸಿದಿರಿ. ಯಾರ ನಾಡಿಯನ್ನೂ ನೋಡಲಿಲ್ಲ, ಯಾರನ್ನೂ ಏನನ್ನೂ ಕೇಳಲಿಲ್ಲ. ತೂಕ ಇಳಿಸಿ, ಲಗ್ನ ಮಾಡಿಕೊಳ್ಳಿ, ಎಲ್ಲ ಸರಿಹೋಗುತ್ತದೆ ಎಂದು ಮೈಕಿನಲ್ಲಿ ಹೇಳಿದಿರಿ. ಆ ಹದಿನಾಲ್ಕು ಮಂದಿಯಲ್ಲಿ ಒಬ್ಬಳು ನಿಮ್ಮ ಮಾತನ್ನು ನಂಬಿದಳು. ಹನ್ನೊಂದು ತಿಂಗಳಾದ ಮೇಲೆ ಅವಳ ರಕ್ತವನ್ನು ನಾನು ಪರೀಕ್ಷೆ ಮಾಡಿದಾಗ ಅದರಲ್ಲಿ ಇರಬೇಕಾದ ಹಿಮೋಗ್ಲೋಬಿನ್‌ನ ಅರ್ಧವೂ ಇರಲಿಲ್ಲ. ನನ್ನ ದೂರು ಇಷ್ಟೇ. ಇದನ್ನು ನಿಯಮದ ಪ್ರಕಾರ ತಮ್ಮ ಕಚೇರಿಗೆ ಬರೆದುಕೊಟ್ಟಿದ್ದೆವು. ತಾವು ನಿಯಮದ ಪ್ರಕಾರ ಅದನ್ನು ಮುಚ್ಚಿಹಾಕಿದ್ದೀರಿ. ಅದಕ್ಕೇ ಈಗ ಊರವರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಡಾಕ್ಟರಲ್ಲ. ತಾವೂ ಅಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ಬೀದರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಹನ್ನೆರಡು ವರ್ಷದಿಂದ ಜನರ ರಕ್ತ ತೆಗೆಯುತ್ತಿದ್ದೇನೆ. ಆ ಶಿಬಿರಕ್ಕೂ ಹಿಮೋಗ್ಲೋಬಿನ್ ನೋಡಲು ನಮ್ಮ ಪ್ರಯೋಗಾಲಯದಿಂದ ನನ್ನನ್ನೇ ಕಳುಹಿಸಿದ್ದರು. ವೇದಿಕೆಯ ಎಡಗಡೆ ಮೂರನೆಯ ಮೇಜು. ತಮಗೆ ನೆನಪಿರಲಾರದು; ತಾವು ಆ ಕಡೆ ನೋಡಿದ್ದು ಫೋಟೊ ತೆಗೆಯುವಾಗ ಮಾತ್ರ.

ಆ ದಿನ ಬಂದ ಹೆಣ್ಣುಮಕ್ಕಳು ನಾನೂರಕ್ಕೂ ಹೆಚ್ಚು. ಡಾಕ್ಟರು ಒಬ್ಬರೇ, ಓದು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ. ಪಾಪ, ನೀರು ಕುಡಿಯಲೂ ಎದ್ದಿರಲಿಲ್ಲ. ಸಾಲು ಮುಂದಕ್ಕೆ ಹೋಗುತ್ತಿಲ್ಲ ಎಂದು ತಮಗೆ ಸಿಟ್ಟು ಬಂತು. ಮಧ್ಯಾಹ್ನ ಇನ್ನೊಂದು ಊರಿನಲ್ಲಿ ಇನ್ನೊಂದು ಶಿಬಿರ ಉದ್ಘಾಟಿಸಬೇಕಿತ್ತಲ್ಲ! ತಾವು ಮೈಕ್ ಹಿಡಿದು, "ಪಿಸಿಓಡಿ ಅಂತ ಬಂದವ್ರೆಲ್ಲ ಈ ಕಡಿ ನಿಂದರ್ರಿ, ಡಾಕ್ಟರ್ ಟೈಮ್ ಹಾಳು ಮಾಡಬ್ಯಾಡ್ರಿ" ಎಂದಿರಿ. ಅಂಡಾಶಯದ ತೊಂದರೆಯಿಂದ ಮುಟ್ಟು ತಪ್ಪುತ್ತಿದ್ದ ಹದಿನಾಲ್ಕು ಹುಡುಗಿಯರು ಸಾಲು ಬಿಟ್ಟು ಗೋಡೆಯ ಹತ್ತಿರ ಬಂದು ನಿಂತರು. ಹೆಣ್ಣುಮಕ್ಕಳು ತಮ್ಮ ತಾಯಿಗೂ ಪಿಸುಮಾತಿನಲ್ಲಿ ಹೇಳುವ ಸಂಗತಿಯನ್ನು ನಾನೂರು ಜನರ ಮುಂದೆ ನಿಂತು ಒಪ್ಪಿಕೊಳ್ಳುವಂತೆ ಮಾಡಿದಿರಿ. ಶಿಸ್ತು ಎಂದರೆ ಇದೇ ಇರಬೇಕು.

ಅವರಲ್ಲಿ ಒಬ್ಬಳು ಓಢಣಿಯಿಂದ ಗದ್ದ ಮುಚ್ಚಿಕೊಂಡಿದ್ದಳು. ತಾವು ಅವಳ ಕಡೆ ಬೆರಳು ಮಾಡಿದಿರಿ.

"ಏ ಹುಡುಗಿ, ಮಾರಿ ಯಾಕ ಮುಚ್ಕೊಂಡೀದಿ? ತೆಗಿ."

ಅವಳು ತೆಗೆದಳು. ಗದ್ದದ ಮೇಲೆ ದಾರದಿಂದ ಕಿತ್ತು ಕಿತ್ತು ಗಾಯವಾದ ಗುರುತುಗಳಿದ್ದವು, ನಡುನಡುವೆ ಕಪ್ಪು ಕೂದಲು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ತಾವೂ ನಕ್ಕಿರಿ.

"ನೋಡ್ರಿ, ಇದು ಜಡ್ಡಲ್ಲ," ಎಂದಿರಿ. "ಕುಂತಲ್ಲೇ ಕುಂತು ಮೊಬೈಲ್ ನೋಡೋದು, ಪಾನಿಪುರಿ ತಿನ್ನೋದು, ಮೈ ಬೆಳಸೋದು. ತೂಕ ಇಳಸ್ರಿ. ಲಗ್ನ ಮಾಡ್ಕೋರಿ. ಒಂದು ಕೂಸಾದ್ರ ಹಾರ್ಮೋನ್ ತಾವೇ ಜಾಗಾಕ್ಕ ಬರ್ತಾವ."

ಚಪ್ಪಾಳೆ ಬಿತ್ತು. ತಮ್ಮ ಗುಮಾಸ್ತರು ಹದಿನಾಲ್ಕು ಕಾರ್ಡುಗಳ ಮೇಲೂ ಒಂದೇ ಕೈಬರಹದಲ್ಲಿ "ತೂಕ ಇಳಿಸಬೇಕು. ವಿವಾಹಾನಂತರ ಸರಿಹೋಗುತ್ತದೆ" ಎಂದು ಬರೆದು, ಕೆಳಗೆ ದುಂಡನೆಯ ಮೊಹರು ಒತ್ತಿದರು.

ಆ ಹುಡುಗಿಯ ಹೆಸರು ಸೋನಾಲಿ. ಹೆಸರು ಬರೆಯಲು ಅವಳೇ ಅನುಮತಿ ಕೊಟ್ಟಿದ್ದಾಳೆ. "ಬರೀರಿ ಅಕ್ಕಾ, ನಾ ಏನ್ ಕಳವು ಮಾಡೀನೇನು?" ಎಂದಳು. ಔರಾದ ತಾಲೂಕಿನ ಒಂದು ಸಣ್ಣ ಊರು ಅವಳದು. ಅಪ್ಪ ಹಣಮಂತಪ್ಪ ಕುರಿ ಸಾಕುತ್ತಾರೆ, ಮಳೆ ನಂಬಿ ನಾಲ್ಕು ಎಕರೆಯಲ್ಲಿ ತೊಗರಿ ಬೆಳೆಯುತ್ತಾರೆ. ಅವ್ವ ಸತ್ಯಮ್ಮ. ಆ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದ ಮೊದಲ ಹೆಣ್ಣುಮಗಳು ಸೋನಾಲಿ. ಭಾಲ್ಕಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದಳು. ಗಣಿತದ ಮೇಡಂ ಆಗಬೇಕು ಎಂದುಕೊಂಡಿದ್ದಳು. ರಜೆಯಲ್ಲಿ ಊರಿಗೆ ಹೋದರೆ ಬೆಳಿಗ್ಗೆಯಿಂದ ಹೊತ್ತು ಮುಳುಗುವವರೆಗೆ ಕುರಿಗಳ ಹಿಂದೆ ನಡೆಯುತ್ತಾಳೆ. ತಮ್ಮ ಜೀಪು ಒಂದು ವಾರದಲ್ಲಿ ಓಡಾಡುವಷ್ಟು ದೂರವನ್ನು ಅವಳು ಕಾಲಿನಲ್ಲಿ ನಡೆದಿರುತ್ತಾಳೆ ಎಂದರೆ ಅದು ಉತ್ಪ್ರೇಕ್ಷೆಯಾಗುತ್ತದೆ, ಒಪ್ಪುತ್ತೇನೆ. ಆದರೆ ತಾವು ನಡೆಯುವುದಕ್ಕಿಂತ ಹೆಚ್ಚು ಎಂಬುದಕ್ಕೆ ನಾನು ಯಾವ ಪರೀಕ್ಷೆಯನ್ನೂ ಮಾಡಬೇಕಾಗಿಲ್ಲ.

ತಾವು ತೂಕ ಇಳಿಸು ಎಂದ ಆ ಹುಡುಗಿಯ ತೂಕ ನಲವತ್ತೈದು ಕಿಲೊ.

ತಮ್ಮ ಕಾರ್ಡಿನಲ್ಲಿ ಅರವತ್ತೆರಡು ಎಂದು ಬರೆದಿದೆ. ಆ ಕಾರ್ಡು ಈಗ ನನ್ನ ಬಳಿ ಇದೆ. ಆ ದಿನ ತೂಕದ ಯಂತ್ರಕ್ಕೆ ಹೂವಿನ ಹಾರ ಹಾಕಿದ್ದನ್ನು ನಾನು ನೋಡಿದ್ದೇನೆ. ಅದರ ಮೇಲೆ ಯಾರೂ ನಿಂತದ್ದನ್ನು ನೋಡಿಲ್ಲ. ಹುಡುಗಿಯರು ಬಾಗಿಲಲ್ಲಿ ಬರುವಾಗಲೇ ತಮ್ಮವರು ಮುಖ ನೋಡಿ ಅಂಕಿ ತುಂಬುತ್ತಿದ್ದರು. ಅಲ್ಲ, ಮುಖ ಕೂಡ ನೋಡಿರಲಿಕ್ಕಿಲ್ಲ. ನೋಡಿದ್ದರೆ ಇಷ್ಟು ಬಡಕಲು ಹುಡುಗಿಗೆ ಅರವತ್ತೆರಡು ಎಂದು ಬರೆಯಲು ಕೈ ಬರುತ್ತಿತ್ತೇ?

ಇನ್ನು ನನ್ನ ಪಾಲನ್ನೂ ಹೇಳಿಬಿಡುತ್ತೇನೆ. ತಮ್ಮ ಭಾಷಣ ಮುಗಿದ ಮೇಲೆ ಸೋನಾಲಿ ನನ್ನ ಮೇಜಿಗೆ ಬಂದಳು. ಬೆರಳು ಚುಚ್ಚಿ ರಕ್ತ ತೆಗೆಯುತ್ತಿದ್ದಾಗ ಮೆಲ್ಲಗೆ ಕೇಳಿದಳು.

"ಅಕ್ಕಾ, ಐದು ತಿಂಗಳಾತ್ರಿ ನಾ ಹೊರಗಾಗಿಲ್ಲ. ಲಗ್ನ ಆದ್ರ ಖರೇನೇ ಗುಣ ಆಗ್ತದೇನ್ರಿ?"

ಇಲ್ಲ ಎಂದು ನನಗೆ ಗೊತ್ತಿತ್ತು. ಇಂಥ ನೂರಾರು ಹುಡುಗಿಯರ ವರದಿಗಳು ನನ್ನ ಕೈಯಿಂದ ಹೋಗಿವೆ; ಅವರಲ್ಲಿ ಲಗ್ನವಾದವರೂ ಇದ್ದರು, ಮಕ್ಕಳಾದವರೂ ಇದ್ದರು, ಯಾರಿಗೂ ಅದರಿಂದ ರೋಗ ಹೋಗಿರಲಿಲ್ಲ. ಆದರೆ ನಮ್ಮ ಪ್ರಯೋಗಾಲಯದ ಮಾಲಕರು ನಾಲ್ಕು ಮಾರು ದೂರದಲ್ಲಿ ತಮ್ಮ ಪಕ್ಕವೇ ನಿಂತಿದ್ದರು. ನಾನು ಹೇಳಿದ್ದು: "ಸಾಹೇಬ್ರೇ ಹೇಳ್ಯಾರಲ್ಲವ್ವ." ಅವಳು ತಲೆಯಾಡಿಸಿ, ಹತ್ತಿಯ ತುಂಡನ್ನು ಬೆರಳಿಗೆ ಒತ್ತಿಕೊಂಡು ಹೋದಳು. ತಮ್ಮ ಮಾತಿಗೆ ಎರಡನೆಯ ಮೊಹರು ಒತ್ತಿದವಳು ನಾನು. ಆದ್ದರಿಂದ ಈ ಪತ್ರದಲ್ಲಿ ಎಷ್ಟು ತಿರಸ್ಕಾರವಿದೆಯೋ ಅದರಲ್ಲಿ ನನ್ನ ಪಾಲನ್ನು ನಾನು ತೆಗೆದಿಟ್ಟುಕೊಂಡೇ ಉಳಿದದ್ದನ್ನು ತಮಗೆ ಕಳಿಸುತ್ತಿದ್ದೇನೆ. ತಮ್ಮ ಪಾಲಿಗೂ ಸಾಕಷ್ಟಿದೆ.

ದೀಪಾವಳಿಗೆ ಊರಿಗೆ ಹೋದಾಗ ಸೋನಾಲಿ ಆ ಕಾರ್ಡನ್ನು ಅಪ್ಪನಿಗೆ ಓದಿ ಹೇಳಿದಳು. ಹಣಮಂತಪ್ಪನವರಿಗೆ ಓದು ಬರುವುದಿಲ್ಲ, ಮೊಹರು ಗುರುತು ಸಿಗುತ್ತದೆ. ಮಗಳಿಗೆ ಏನೋ ತ್ರಾಸಿದೆ, ಅದಕ್ಕೆ ಸರಕಾರವೇ ದವಾ ಹೇಳಿದೆ. ಒಬ್ಬ ಅಪ್ಪ ಇನ್ನೇನು ಮಾಡಬೇಕು? ಅವರು ಗಂಡು ಹುಡುಕಿದರು. ಡಿಗ್ರಿ ಮುಗಿಯಲಿ ಎಂದು ಸತ್ಯಮ್ಮ ಹೇಳಿದ್ದಕ್ಕೆ, "ಸಾಲಿ ಮುಂದಿನ ವರ್ಷನೂ ಇರ್ತದ. ಜಡ್ಡು ಬಿಟ್ರ ಬೆಳೀತದ" ಎಂದರಂತೆ. ಸೋನಾಲಿ ಎದುರಾಡಲಿಲ್ಲ. ಇದನ್ನು ತಾವು ದಯವಿಟ್ಟು ಎರಡು ಸಲ ಓದಿ. ಅವಳನ್ನು ಯಾರೂ ಹೊಡೆದು ಬಡಿದು ಲಗ್ನ ಮಾಡಲಿಲ್ಲ. ಗುಣವಾಗುತ್ತೇನೆ ಎಂಬ ಆಸೆಯಿಂದ ಅವಳೇ ತಲೆ ಬಗ್ಗಿಸಿ ಕೂತಳು. ಆಸ್ಪತ್ರೆಗೆ ಸೇರುವ ಹಾಗೆ ಗಂಡನ ಮನೆಗೆ ಸೇರಿದಳು. ಬಿಎಸ್ಸಿಯ ಎರಡು ಪತ್ರಿಕೆಗಳು ಹಾಗೇ ಉಳಿದವು.

ಗಂಡ ಸತೀಶಕುಮಾರ ಭಾಲ್ಕಿ ಕಡೆಯವನು, ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಕೆಟ್ಟವನಲ್ಲ, ಬಾಯಿ ಕಡಿಮೆ. ಅತ್ತೆ ಶೇವಂತಾಬಾಯಿ. ಲಗ್ನವಾದದ್ದು ಡಿಸೆಂಬರಿನಲ್ಲಿ. ಅದಾದ ಒಂದೇ ವಾರಕ್ಕೆ ಅವಳು ಒಮ್ಮೆ ಹೊರಗಾದಳು. ತಮ್ಮ ಚಿಕಿತ್ಸೆ ಫಲಿಸಿತೆಂದು ಎಷ್ಟು ಸಂತೋಷಪಟ್ಟಳೋ! ಆಮೇಲೆ ಮತ್ತೆ ನಿಂತಿತು. ಜನವರಿ ಇಲ್ಲ, ಫೆಬ್ರವರಿ ಇಲ್ಲ, ಮಾರ್ಚ್ ಕೂಡ ಇಲ್ಲ. ಈಗ ಅದೇ ಲಕ್ಷಣಕ್ಕೆ ಮನೆಯಲ್ಲಿ ಬೇರೆ ಅರ್ಥ ಹುಟ್ಟಿತು. ಶೇವಂತಾಬಾಯಿ ಸೊಸೆಗೆ ಭಾರ ಎತ್ತಲು ಬಿಡಲಿಲ್ಲ, ಬಾವಿಗೆ ಕಳಿಸಲಿಲ್ಲ, ಎರಡು ಹೊತ್ತು ಹಾಲು ಕುಡಿಸಿದರು. ಸೋನಾಲಿ ವಿಜ್ಞಾನ ಓದಿದವಳು, ಅವಳಿಗೆ ಸಂಶಯ. ಪಕ್ಕದ ಮನೆಯವಳ ಕೈಯಿಂದ ಮೆಡಿಕಲ್ ಅಂಗಡಿಯಿಂದ ಬಸಿರು ಪರೀಕ್ಷೆಯ ಪಟ್ಟಿ ತರಿಸಿ ನೋಡಿದಳು. ಒಂದೇ ಗೆರೆ ಬಂತು. ವಾರ ಬಿಟ್ಟು ಮತ್ತೆ ನೋಡಿದಳು, ಮತ್ತೆ ಒಂದೇ ಗೆರೆ. ಗಂಡನಿಗೆ ತೋರಿಸಿದಳು.

"ಬಸಿರಿಲ್ಲರಿ ನಾನು. ಇದು ಅದೇ ಜಡ್ಡು. ಅತ್ತಿಗಿ ನೀವೇ ಹೇಳ್ರಿ."

ಅವನು "ಅವ್ವಗ ಹ್ಯಾಂಗ ಹೇಳ್ಲಿ? ಅಕಿ ಎಲ್ಲರಿಗೂ ಹೇಳಿಬಿಟ್ಟಾಳ" ಎಂದನಂತೆ. ಹೇಳಲಿಲ್ಲ.

ಐದನೆಯ ತಿಂಗಳು ಕುಬಸ, ಅಂದರೆ ಸೀಮಂತ, ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಮುಡಿ ತುಂಬ ಹೂವು. ಊರಿನ ನಲವತ್ತು ಮಂದಿ ಹೆಣ್ಣುಮಕ್ಕಳು ಬಂದು ಉಡಿ ತುಂಬಿ ಹಾಡಿದರು. ಅವರ ನಡುವೆ, ತನ್ನ ಹೊಟ್ಟೆಯಲ್ಲಿ ಏನೂ ಇಲ್ಲವೆಂದು ಗೊತ್ತಿದ್ದ ಒಬ್ಬಳೇ ಒಬ್ಬಳು ಮಣೆಯ ಮೇಲೆ ಕೂತಿದ್ದಳು. ನನಗೆ ಇದನ್ನು ಹೇಳುವಾಗ ಸೋನಾಲಿ ಅಳಲಿಲ್ಲ. "ಅಕ್ಕಾ, ಅವ್ರು ಸಿಹಿ ತಿನಸ್ಲತ್ತಿದ್ರು, ನನಗ ನುಂಗ್ಲಾಕ ಆಗ್ಲಿಲ್ಲ. ಅತ್ತಿ ಅಂದ್ಳು, ಬಸರಿಗಿ ಹಾಂಗೇ ಆಗ್ತದಂತ" ಎಂದಳು, ಅಷ್ಟೇ. ಅಧಿಕಾರಿಗಳೇ, ತಮ್ಮ ವಾರ್ಷಿಕ ವರದಿಯಲ್ಲಿ ಫಲಾನುಭವಿಗಳ ಫೋಟೊ ಹಾಕುವ ಪುಟವೊಂದು ಇರುತ್ತದಲ್ಲ? ಆ ಮಣೆಯ ಮೇಲಿನ ಫೋಟೊ ಇದೆ. ಬೇಕಿದ್ದರೆ ಕೊಡಿಸುತ್ತೇನೆ.

ಹೊಟ್ಟೆ ಕಾಣದಿದ್ದುದಕ್ಕೆ ಕೂಸು ಸಣ್ಣದಿದೆ ಎಂದು ಅತ್ತೆ ತಾವೇ ಸಮಾಧಾನ ಹೇಳಿಕೊಂಡರು. ಜುಲೈ ಕೊನೆಗೆ ರಕ್ತ ಶುರುವಾಯಿತು. ತಿಂಗಳುಗಟ್ಟಲೆ ನಿಂತದ್ದೆಲ್ಲ ಒಮ್ಮೆಗೇ. ಅತ್ತೆಯ ಕಣ್ಣಿಗೆ ಅದು ಗರ್ಭಪಾತ. ಸೊಸೆ ಬೇಕೆಂದೇ ಕೂಸು ಕಳೆದುಕೊಂಡಳು ಎಂಬ ಮಾತು ಬಂತು. ಮರುದಿನದಿಂದ ಹಾಲು ಬಂದ್ ಆಯಿತು, ಮಾತೂ ಬಂದ್ ಆಯಿತು. ಹಿತ್ತಲ ಕಡೆಯ ಕೋಣೆಯಲ್ಲಿ ಹತ್ತೊಂಬತ್ತು ದಿನ ಅವಳು ಬಟ್ಟೆ ಬದಲಿಸುತ್ತ ಮಲಗಿದ್ದಳು. ಹತ್ತೊಂಬತ್ತನೆಯ ದಿನ ಪಕ್ಕದ ಮನೆಯವಳೇ ಔರಾದಿಗೆ ಫೋನು ಮಾಡಿ, "ನಿಮ್ಮ ಮಗಳು ಉಳಿಯಂಗಿಲ್ಲ, ಬಂದು ಒಯ್ರಿ" ಎಂದಳು. ಸತ್ಯಮ್ಮ ಒಬ್ಬರೇ ಬಂದು, ಯಾರಿಗೂ ಒಂದು ಮಾತು ಹೇಳದೆ, ಮಗಳನ್ನು ಎಬ್ಬಿಸಿ ನಡೆಸಿಕೊಂಡು ಬಸ್ಸು ಹತ್ತಿಸಿದರು. ಔರಾದಿನಲ್ಲಿ ಒಬ್ಬ ನರ್ಸು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಕೂಡಲೇ ಆಂಬುಲೆನ್ಸಿನಲ್ಲಿ ಬೀದರಕ್ಕೆ ಕಳುಹಿಸಿದರು. ಈ ಇಡೀ ಕಥೆಯಲ್ಲಿ ಜಡ್ಡು ಏನೆಂದು ತಿಳಿಯಲು ಅವಳನ್ನು ಮುಟ್ಟಿ ನೋಡಿದ ಮೊದಲ ಮನುಷ್ಯ ಆ ನರ್ಸು.

ಆಸ್ಪತ್ರೆಯಿಂದ ನಮ್ಮ ಪ್ರಯೋಗಾಲಯಕ್ಕೆ ಕರೆ ಬಂತು, ರಕ್ತ ತೆಗೆಯಲು ನಾನೇ ಹೋದೆ. ಹಾಸಿಗೆಯ ಮೇಲಿನ ಹುಡುಗಿಯನ್ನು ನಾನು ಗುರುತಿಸಲಿಲ್ಲ. ಅವಳೇ ಗುರುತಿಸಿದಳು.

"ನೀವು ಭಾಲ್ಕಿಯಾಗ ಇದ್ರಿ, ಅಲ್ರಿ ಅಕ್ಕಾ?" ಎಂದಳು. ದನಿ ಕೇಳಿಸುತ್ತಲೇ ಇರಲಿಲ್ಲ. "ಲಗ್ನ ಆತ್ರಿ. ಗುಣ ಆಗ್ಲಿಲ್ಲ."

ರಕ್ತ ತೆಗೆದುಕೊಂಡು ಪ್ರಯೋಗಾಲಯಕ್ಕೆ ಬಂದೆ. ಹಿಮೋಗ್ಲೋಬಿನ್ ನಾಲ್ಕು ಪಾಯಿಂಟ್ ಒಂಬತ್ತು ಬಂತು. ಯಂತ್ರ ತಪ್ಪಿರಬಹುದೆಂದು ಇನ್ನೊಮ್ಮೆ ಹಾಕಿದೆ. ಅಷ್ಟೇ ಬಂತು. ಅವಳಿಗೆ ಮೂರು ಬಾಟಲಿ ರಕ್ತ ಕೊಟ್ಟರು. ಒಂದು ಸತೀಶಕುಮಾರನದು, ಸುದ್ದಿ ಕೇಳಿ ಅಂಗಡಿಗೆ ಬೀಗ ಹಾಕಿ ಓಡಿ ಬಂದಿದ್ದ. ಇನ್ನೊಂದು ನನ್ನದು. ಹಾಗೆಂದು ಲೆಕ್ಕ ಚುಕ್ತಾ ಆಯಿತೆಂದು ನಾನು ತಿಳಿದಿಲ್ಲ.

ನಾಲ್ಕನೆಯ ದಿನ ಡಾಕ್ಟರ್ ತಹಮೀನಾ ಮೇಡಂ ಅವಳ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಅವ್ವ, ಅಪ್ಪ, ಗಂಡ, ಮೂವರನ್ನೂ ನಿಲ್ಲಿಸಿಕೊಂಡರು. ಮತ್ತೆ ರಕ್ತ ತೆಗೆಯಲು ಬಂದಿದ್ದ ನಾನೂ ಅಲ್ಲೇ ನಿಂತೆ. ಅರ್ಧ ತಾಸು ಮಾತಾಡಿದರು. ತಮ್ಮ ಎರಡು ನಿಮಿಷಕ್ಕೂ ಈ ಅರ್ಧ ತಾಸಿಗೂ ಇರುವ ವ್ಯತ್ಯಾಸ ತಮಗೂ ತಿಳಿಯಲಿ ಎಂದು ಅವರು ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ.

"ನೋಡವ್ವ ಸೋನಾಲಿ, ಮೊದ್ಲು ಇದು ತಿಳ್ಕೊ. ಇದರಾಗ ನಿಂದು ಕಸೂರ್ ಏನೂ ಇಲ್ಲ," ಎಂದು ಶುರು ಮಾಡಿದರು. ಉಂಡದ್ದನ್ನು ಮೈ ಬಳಸಿಕೊಳ್ಳಲು ಇನ್ಸುಲಿನ್ ಎಂಬ ಹಾರ್ಮೋನು ಬೇಕು. ಕೆಲವರ ಮೈ ಅದರ ಮಾತು ಕೇಳುವುದಿಲ್ಲ. ಕೇಳದಿದ್ದಾಗ ಮೈ ಇನ್ನಷ್ಟು ಇನ್ಸುಲಿನ್ ಮಾಡುತ್ತದೆ. ಆ ಹೆಚ್ಚಾದದ್ದು ಅಂಡಾಶಯಕ್ಕೆ ಹೋಗಿ, ಹೆಣ್ಣಿನಲ್ಲಿ ಸ್ವಲ್ಪವೇ ಇರಬೇಕಾದ ಗಂಡು ಹಾರ್ಮೋನನ್ನು ಜಾಸ್ತಿ ಮಾಡಿಸುತ್ತದೆ. ಗದ್ದದ ಕೂದಲು, ಮೊಡವೆ ಎಲ್ಲ ಅದರಿಂದ. ಅಂಡಾಣು ಅರ್ಧಕ್ಕೆ ಬೆಳೆದು ನಿಲ್ಲುತ್ತದೆ, ಹೊರಗೆ ಬರುವುದಿಲ್ಲ. ಅದು ಬರದಿದ್ದರೆ ಗರ್ಭಕೋಶದ ಒಳಪದರವನ್ನು ತಿಂಗಳಿಗೊಮ್ಮೆ ಕಳಚುವ ಹಾರ್ಮೋನೂ ಬರುವುದಿಲ್ಲ. ಪದರ ದಪ್ಪವಾಗುತ್ತ ಹೋಗಿ ಒಂದು ದಿನ ಎಲ್ಲೆಂದರಲ್ಲಿ ಹರಿಯುತ್ತದೆ. ಹತ್ತೊಂಬತ್ತು ದಿನದ ರಕ್ತ ಅದು. ಕೂಸಿನದಲ್ಲ.

ಇಷ್ಟು ಹೇಳಿ ಅವರು ಸತೀಶಕುಮಾರನ ಕಡೆ ನೋಡಿದರು. "ಕೇಳಿಸ್ತೇನಪ್ಪ? ನಿಮ್ಮ ಅಮ್ಮಾಗ ನೀನೇ ಸಮಝಾಯಿಸಬೇಕು. ನಾ ಬಂದು ಹೇಳ್ಲಿಕ್ಕಾಗಂಗಿಲ್ಲ." ಅವನು ನೆಲ ನೋಡುತ್ತ "ಹೇಳ್ತೇನ್ರಿ" ಎಂದ.

ಹಣಮಂತಪ್ಪನವರಿಗೆ ಇನ್ನೊಂದು ಪ್ರಶ್ನೆಯಿತ್ತು. "ಮೇಡಂ, ದಪ್ಪ ಇದ್ದವ್ರಿಗಿ ಬರ್ತದಂತ ಸಾಹೇಬ್ರು ಹೇಳಿದ್ರಿ. ನನ್ನ ಮಗಳು ಕಡ್ಡಿ ಇದ್ದಂಗ ಇದ್ದಾಳ."

ಅದಕ್ಕೆ ಮೇಡಂ ಉರಿಯೂತದ ಮಾತು ಹೇಳಿದರು. ಕಾಲಿಗೆ ಮುಳ್ಳು ಚುಚ್ಚಿದರೆ ಬಾವು ಬರುತ್ತದೆ, ಕೆಂಪಾಗುತ್ತದೆ. ಅದು ಮೈ ತನ್ನನ್ನು ಕಾಯ್ದುಕೊಳ್ಳುವ ರೀತಿ. ಮುಳ್ಳು ತೆಗೆದರೆ ಬಾವು ಇಳಿಯುತ್ತದೆ. ಈ ತೊಂದರೆ ಇರುವ ಎಷ್ಟೋ ಹೆಣ್ಣುಮಕ್ಕಳಲ್ಲಿ ಅಂಥದೇ ಒಂದು ಉರಿಯೂತ, ಬಹಳ ಸಣ್ಣ ಮಟ್ಟದ್ದು, ಮುಳ್ಳೇ ಇಲ್ಲದೆ ವರ್ಷಗಟ್ಟಲೆ ರಕ್ತದಲ್ಲಿ ಇರುತ್ತದೆ. ಹೊರಗೆ ನೋವಿಲ್ಲ, ಜ್ವರವಿಲ್ಲ. ಅದಿದ್ದರೆ ಇನ್ಸುಲಿನ್ನಿನ ಮಾತನ್ನು ಮೈ ಇನ್ನೂ ಕಡಿಮೆ ಕೇಳುತ್ತದೆ, ಗಂಡು ಹಾರ್ಮೋನು ಇನ್ನೂ ಹೆಚ್ಚುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ದೊಡ್ಡ ದೊಡ್ಡ ಡಾಕ್ಟರುಗಳೇ ಇನ್ನೂ ವಾದ ಮಾಡುತ್ತಿದ್ದಾರೆ. ಮೈಯಲ್ಲಿ ಕೊಬ್ಬು ಹೆಚ್ಚಿದ್ದರೆ ಇದು ಜೋರಾಗುತ್ತದೆ, ಖರೆ. ಆದರೆ ತೆಳ್ಳಗಿದ್ದವರಿಗೂ ಬರುತ್ತದೆ. ಮುಂದೆ ಸಕ್ಕರೆ ಕಾಯಿಲೆ, ಬಿಪಿ ಬರುವ ಸಂಭವವೂ ಇದೆ. "ಅದಕ್ಕೇ ಇದು ಬರೀ ಮುಟ್ಟಿಂದು ಮಾತಲ್ಲ. ಉಮರ್ ಪೂರ್ತಿ ನೋಡ್ಕೋಬೇಕು. ಆದ್ರ ನೋಡ್ಕೊಂಡ್ರ ಚಂದ ಇರ್ಬಹುದು," ಎಂದರು.

ಮೂರು ತಿಂಗಳ ಮೇಲೆ, ರಕ್ತ ನಿಂತು, ನೆಗಡಿ ಜ್ವರ ಏನೂ ಇಲ್ಲದ ದಿನ ನೋಡಿ, ನಾನೇ ಅವಳ ಪರೀಕ್ಷೆಗಳನ್ನು ಮತ್ತೆ ಮಾಡಿದೆ. ಉರಿಯೂತ ತೋರಿಸುವ ಅಂಕಿ ಮಿತಿಯ ಎರಡರಷ್ಟಿತ್ತು. ಇನ್ಸುಲಿನ್ ಹೆಚ್ಚು, ಗಂಡು ಹಾರ್ಮೋನು ಹೆಚ್ಚು. ನಲವತ್ತೈದು ಕಿಲೊ ತೂಕದ, ಪಾನಿಪುರಿ ಗಾಡಿಯ ಹತ್ತಿರವೂ ಹೋಗದ ಹುಡುಗಿಯ ರಕ್ತ ಇದು. ತಮಗೆ ಆ ದಿನ ಒಂದು ಪ್ರಶ್ನೆ ಕೇಳುವಷ್ಟು ಪುರುಸೊತ್ತಿದ್ದಿದ್ದರೆ, "ಎಷ್ಟು ತಿಂಗಳಾಯಿತು?" ಎಂಬ ಒಂದೇ ಪ್ರಶ್ನೆ, ಆ ಯುವ ಡಾಕ್ಟರಮ್ಮನೇ ಮುಟ್ಟು ತರಿಸುವ ಗುಳಿಗೆ ಬರೆದುಕೊಟ್ಟು ಮುಂದಿನ ತಪಾಸಣೆಗೆ ಕಳುಹಿಸುತ್ತಿದ್ದರು. ಆ ಗುಳಿಗೆ ಸಿಗದಂಥದ್ದೇನಲ್ಲ. ಅದರ ಬದಲು ತಾವು ಒಂದು ಸಂಸಾರವನ್ನೇ ಬರೆದುಕೊಟ್ಟಿರಿ. ಇಷ್ಟು ಉದಾರವಾಗಿ ಔಷಧಿ ಕೊಡುವ ಅಧಿಕಾರಿಯನ್ನು ನಾನು ಇದುವರೆಗೆ ಕಂಡಿಲ್ಲ.

ಅಕ್ಟೋಬರಿನಲ್ಲಿ ಹಣಮಂತಪ್ಪನವರು ತಮ್ಮ ಕಚೇರಿಗೆ ಬಂದರು, ಜೊತೆಗೆ ನಾನಿದ್ದೆ. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಮುದುಕ, ನೆನಪಿರಬೇಕು. ಎರಡು ತಾಸು ಬೆಂಚಿನ ಮೇಲೆ ಕೂಡಿಸಿದ ಮೇಲೆ ತಾವು ಕರೆದಿರಿ. ಕಾರ್ಡು ನೋಡಿ, "ನಾ ಜನರಲ್ಲಾಗಿ ಹೇಳಿದ್ದೇನಿ. ಇಕಿಗೇ ಅಂತ ಹೇಳಿಲ್ಲ. ಲಗ್ನ ಮಾಡಿದವ್ರು ನೀವು" ಎಂದಿರಿ.

ಅವರು ಕೈ ಮುಗಿದುಕೊಂಡೇ ಮಾತಾಡಿದರು. "ಖರೆ ಅದರಿ ಸಾಹೇಬ್ರ, ಲಗ್ನ ಮಾಡಿದವ ನಾನೇ. ಅದು ನನ್ನ ಎದಿ ಮ್ಯಾಲ ಅದ. ಆದ್ರ ಒಂದು ಮಾತು ಕೇಳ್ತೇನಿ. ನನ್ನ ಕುರಿಗಿ ಜಡ್ಡಾದ್ರ ದನದ ಡಾಕ್ಟರ ಬಂದು ಬಾಯಿ ತೆಗದು ನೋಡ್ತಾನ್ರಿ, ಹೊಟ್ಟಿ ಒತ್ತಿ ನೋಡ್ತಾನ್ರಿ, ಏನ್ ತಿಂದದ ಅಂತ ಕೇಳ್ತಾನ್ರಿ. ನೀವು ನನ್ನ ಮಗಳಿಗಿ ಅಷ್ಟರೆ ಯಾಕ ನೋಡ್ಲಿಲ್ಲರಿ?"

ತಾವು ಗಂಟೆ ಒತ್ತಿ ಚಹಾ ತರಿಸಿಕೊಂಡಿರಿ. ಒಂದೇ ಕಪ್ಪು. ಆಮೇಲೆ, "ಬರದು ಕೊಡ್ರಿ, ನೋಡೋಣ" ಎಂದಿರಿ. ಬರೆದು ಕೊಟ್ಟೆವು. ನಲವತ್ತೊಂದು ದಿನದ ಮೇಲೆ ಉತ್ತರ ಬಂತು: "ಸದರಿ ಶಿಬಿರದಲ್ಲಿ ಹಾಜರಿದ್ದ ಎಲ್ಲ ಮಹಿಳೆಯರ ತೂಕವನ್ನು ಕ್ರಮಬದ್ಧವಾಗಿ ದಾಖಲಿಸಲಾಗಿದ್ದು, ಶಿಬಿರವು ಯಶಸ್ವಿಯಾಗಿರುತ್ತದೆ. ಅರ್ಜಿದಾರರ ಆರೋಪದಲ್ಲಿ ಹುರುಳಿಲ್ಲವಾದ್ದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ." ಈ ವಾಕ್ಯವನ್ನು ನಾನು ಹಣಮಂತಪ್ಪನವರಿಗೆ ಓದಿ ಹೇಳಬೇಕಾಯಿತು. ಎಲ್ಲ ಕೇಳಿ ಅವರು, "ಅಂದ್ರ ಸೋನಾಲಿಗಿ ಏನೂ ಆಗೇ ಇಲ್ಲ ಅಂತೇನ್ರಿ?" ಎಂದರು. ಹೌದು ಎಂದೆ. ಸರಕಾರಿ ಕನ್ನಡದಲ್ಲಿ ಅದರ ಅರ್ಥ ಅದೇ.

ಏನೂ ಆಗದ ಆ ಹುಡುಗಿ ಈಗ ಹೇಗಿದ್ದಾಳೆಂದು ತಾವು ಕೇಳಿಲ್ಲ, ಆದರೂ ಹೇಳುತ್ತೇನೆ. ತವರಿನಲ್ಲಿದ್ದಾಳೆ. ಗುಳಿಗೆ ತೆಗೆದುಕೊಳ್ಳುತ್ತಾಳೆ, ತಿಂಗಳು ತಪ್ಪದೆ ಹೊರಗಾಗುತ್ತಾಳೆ. ಉಳಿದ ಎರಡು ಪತ್ರಿಕೆ ಬರೆದು ಪಾಸಾದಳು. ಸತೀಶಕುಮಾರ ತನ್ನ ತಾಯಿಗೆ ಕೊನೆಗೂ ಎಲ್ಲ ಹೇಳಿದ್ದಾನೆ. ತಾಯಿ ಇನ್ನೂ ಪೂರ್ತಿ ನಂಬಿಲ್ಲ. ತಪಾಸಣೆಯ ದಿನ ಅವನು ಬೀದರಕ್ಕೆ ಬರುತ್ತಾನೆ, ಹೊರಗಿನ ಬೆಂಚಿನ ಮೇಲೆ ಕೂರುತ್ತಾನೆ, ಅವಳನ್ನು ಬಸ್ಸು ಹತ್ತಿಸಿ ಹೋಗುತ್ತಾನೆ. ಮರಳಿ ಹೋಗಬೇಕೋ ಬೇಡವೋ ಎಂದು ಅವಳು ಇನ್ನೂ ನಿರ್ಧರಿಸಿಲ್ಲ. ನಿರ್ಧರಿಸುವ ಹಕ್ಕು ಈ ಸಲವಾದರೂ ಅವಳದೇ ಆಗಿರಲಿ ಎಂದು ನಾವು ಯಾರೂ ಅವಳನ್ನು ಒತ್ತಾಯಿಸುತ್ತಿಲ್ಲ.

ನನ್ನ ಬೇಡಿಕೆ ಹೇಳುತ್ತೇನೆ. ತಮ್ಮ ದಾಖಲೆಯಲ್ಲಿರುವ ಆ ನಾನೂರು ಸುಳ್ಳು ತೂಕಗಳನ್ನು ರದ್ದು ಮಾಡಿ. ಭಾಲ್ಕಿಯಲ್ಲೂ ಔರಾದಿನಲ್ಲೂ ವಾರಕ್ಕೆ ಒಂದು ದಿನ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯಲ್ಲಿ, ಒಬ್ಬ ಲೇಡಿ ಡಾಕ್ಟರು ಇಂಥ ಹುಡುಗಿಯರನ್ನು ಕೂಡಿಸಿಕೊಂಡು ಮಾತಾಡುವ ವ್ಯವಸ್ಥೆ ಮಾಡಿ. ಪರೀಕ್ಷೆಗೆ ಬೀದರದವರೆಗೆ ಅಲೆಸಬೇಡಿ. ಉಳಿದ ಹದಿಮೂರು ಮಂದಿ ಎಲ್ಲಿದ್ದಾರೆಂದು ಹುಡುಕಿ. ಅವರ ವಿಳಾಸ ತಮ್ಮ ಬಳಿಯೇ ಇದೆ. ಅವರಲ್ಲಿ ಮೂವರನ್ನು ನಾನೂ ಸೋನಾಲಿಯೂ ಈಗಾಗಲೇ ಹುಡುಕಿದ್ದೇವೆ.

ಮೂರನೆಯವಳ ಮನೆಗೆ ಹೋದದ್ದು ಹೋದ ಭಾನುವಾರ. ಔರಾದ ತಾಲೂಕಿನವಳೇ, ವಯಸ್ಸು ಹತ್ತೊಂಬತ್ತು, ಏಳು ತಿಂಗಳಿಂದ ಮುಟ್ಟು ನಿಂತಿದೆ. ಮನೆಯ ಮುಂದೆ ಚಪ್ಪರದ ಕಂಬ ನೆಡುತ್ತಿದ್ದರು. ಬರುವ ಇಪ್ಪತ್ತಮೂರನೆಯ ತಾರೀಖು ಅವಳ ಲಗ್ನ. ಸೋನಾಲಿ ಅವಳ ಅಪ್ಪನ ಮುಂದೆ ಕೂತು ತನ್ನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಆತ ಕೇಳಿಸಿಕೊಂಡ. ಆಮೇಲೆ ಒಳಗೆ ಹೋಗಿ ಕಾರ್ಡು ತಂದು ತೋರಿಸಿದ. "ನೀ ಹೇಳೋದು ಖರೆ ಇರ್ಬಹುದು ತಂಗಿ. ಆದ್ರ ಇಲ್ಲಿ ಸಾಹೇಬ್ರು ಬರದು ಕೊಟ್ಟಾರ" ಎಂದ.

ನನ್ನ ಮಾತು, ಸೋನಾಲಿಯ ಮಾತು, ಅವಳ ಮೈಯಿಂದ ಹೋದ ಅಷ್ಟು ರಕ್ತ, ಯಾವುದೂ ಆ ಮನೆಯಲ್ಲಿ ನಡೆಯುವುದಿಲ್ಲ. ತಮ್ಮ ಒಂದು ಮಾತು ನಡೆಯುತ್ತದೆ. ಆದ್ದರಿಂದ ಇಪ್ಪತ್ತಮೂರರ ಒಳಗೆ ತಾವು ಆ ಮನೆಗೆ ಹೋಗಬೇಕು. ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದು ಕಚೇರಿಗೆ ಮುಟ್ಟಿಸಿದ್ದೇನೆ. ಹೋಗಿ, ಆ ಅಪ್ಪನ ಎದುರು ಕೂತು, "ನಾನು ಡಾಕ್ಟರಲ್ಲ, ನಾನು ಹೇಳಿದ್ದು ತಪ್ಪು" ಎಂದು ಹೇಳಬೇಕು. ಐದೇ ಶಬ್ದಗಳು. ಅಲ್ಲಿಂದ ಹೊರಗೆ ಬಂದ ಮೇಲೆ ತಾವು ಮತ್ತೆ ಮಾನ್ಯರಾಗಬಹುದು, ನನ್ನ ಅಡ್ಡಿಯಿಲ್ಲ.

ಇಂತಿ,
ಗೌರವಪೂರ್ವಕ ಎಂದು ಬರೆಯಲು ಹೋಗಿ ಪೆನ್ನು ನಿಂತವಳು,
ಸತ್ಯ ಹೇಳಿದರೆ ಕೆಲಸ ಹೋಗುತ್ತದೆಂದು ಹೆದರಿದ್ದು ನಿಜವಾಗುತ್ತದೆಯೇ ಎಂದು ನಾಳೆ ಬೆಳಿಗ್ಗೆ ಮಾಲಕರು ಈ ಪತ್ರ ಓದಿದಾಗ ತಿಳಿಯಲಿರುವವಳು,
ಮಹಾಮಾಯಾ
ಲ್ಯಾಬ್ ಟೆಕ್ನಿಷಿಯನ್, ಬೀದರ